ಏಳನೇ ಪುಟದ ಹುಡುಗ

ಮೇಷ್ಟ್ರೇ, ನಮಸ್ಕಾರ.

‘ಪ್ರಕೃತಿಯ ಮಡಿಲಲ್ಲಿ ವಿಶ್ವದ ಮಕ್ಕಳು’ ಅನ್ನುವ ನಿಮ್ಮ ಲೇಖನ ಎರಡು ಸಲ ಓದಿದೆ. ಹನ್ನೊಂದು ಪುಟ, ಆರು ದೇಶ. ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲ ಆರು ಪುಟ ಸಕಲೇಶಪುರದ ಹತ್ತಿರದ ಹಳ್ಳಿ ಶಾಲೆಯ ಮೇಷ್ಟ್ರು ಬರೆದಿದ್ದು ಅಂತ ಗೊತ್ತೇ ಆಗುವುದಿಲ್ಲ. ‘ಪ್ರಕೃತಿ ಮಾತೆ’ ಒಂಬತ್ತು ಸಲ ಬಂದಿದ್ದಾಳೆ, ಎಣಿಸಿದೆ. ಒಂದು ಇಂಬಳವೂ ಬಂದಿಲ್ಲ.

ಏಳನೇ ಪುಟದಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ತಡವಾಗಿ ಬರುತ್ತಾನೆ. ‘ದಾರೀಲಿ ಆನೆ ಲದ್ದಿ ಇತ್ತು ಸಾರ್, ಇನ್ನೂ ಬಿಸಿ ಇತ್ತು. ಅದಕ್ಕೆ ಸುತ್ತು ಹಾಕ್ಕೊಂಡು ಬಂದೆ’ ಅನ್ನುತ್ತಾನೆ. ಅಲ್ಲಿ ನಾನು ನೆಟ್ಟಗೆ ಕೂತೆ. ನೀವು ನೋಡಿದರೆ ಮುಂದಿನ ಸಾಲಿನಲ್ಲೇ ‘ನಮ್ಮ ಮಕ್ಕಳಿಗೆ ಪ್ರಕೃತಿಯ ಅರಿವೇ ಇಲ್ಲ’ ಅಂತ ಬರೆದು ನಾರ್ವೆಗೆ ಹೊರಟುಬಿಟ್ಟಿದ್ದೀರಿ! ಇದೇನು ಮೇಷ್ಟ್ರೇ?

ಸ್ವೀಡನ್ ಮಕ್ಕಳಿಗೆ ‘ಹುಟ್ಟಿನಿಂದಲೇ ಕಾಡಿನ ಪ್ರೀತಿ’ ಅಂತೀರಿ. ಪ್ರೀತಿ ಇರಬಹುದು, ಕಾಲಿಡಲು ಜಾಗವೂ ಇದೆಯಲ್ಲ. ಬೇರೆಯವರ ಕಾಡಿನಲ್ಲೂ ನಡೆದಾಡುವ, ಕಾಡುಹಣ್ಣು, ಅಣಬೆ ಕಿತ್ತುಕೊಳ್ಳುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ. 1994ರಿಂದ ಸಂವಿಧಾನದಲ್ಲೇ ಅದರ ಮಾತಿದೆ. ನಿಮ್ಮ ಮಕ್ಕಳು ಕಾಫಿ ಎಸ್ಟೇಟ್ ಗೇಟು ದಾಟಿ ಅಣಬೆ ಕಿತ್ತರೆ ಲೆಕ್ಕ ನೋಡಿಕೊಳ್ಳುವ ರೈಟರ್ ಸುಮ್ಮನಿರುತ್ತಾರಾ?

ಜಪಾನ್ ಅಂದರೆ ನಿಮಗೆ ಬರೀ ಚೆರಿ ಹೂವು. ಅಲ್ಲಿನ ಮನಶ್ಶಾಸ್ತ್ರಜ್ಞೆ ಕಯೋಕೊ ಇನಾಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಹುಡುಕಿ ಓದಿ. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಪುಟ್ಟ ಮಕ್ಕಳನ್ನು, ಆ ಮಕ್ಕಳು ಯಾವತ್ತೂ ಸಾಕದ ಕಪ್ಪೆಯ ಬಗ್ಗೆ ಇನಾಗಾಕಿ ಕೇಳಿದರು. ಮರಿಕಪ್ಪೆ ಯಾವಾಗಲೂ ಮರಿಯಾಗೇ ಇರುತ್ತದಾ? ಇಲ್ಲ, ನಮ್ಮ ಮೀನು ದೊಡ್ಡದಾಯಿತಲ್ಲ, ಕಪ್ಪೆಯೂ ಆಗುತ್ತದೆ ಅನ್ನುವ ಲೆಕ್ಕ ಅವರದು. ಮೀನು ಸಾಕದ ಮಕ್ಕಳಿಗೆ ಇದು ಅಷ್ಟಾಗಿ ಹೊಳೆಯಲಿಲ್ಲ.

ಅಮೆರಿಕವೂ ಒಂದೇ ಅಲ್ಲ. ಅಲ್ಲಿನ ಮನಶ್ಶಾಸ್ತ್ರಜ್ಞ ಡಗ್ಲಸ್ ಮೆಡಿನ್ ಮತ್ತು ಜೊತೆಯವರು ನಗರದ ಮಕ್ಕಳನ್ನೂ ವಿಸ್ಕಾನ್ಸಿನ್‌ನ ಮೆನಾಮಿನಿ ಬುಡಕಟ್ಟಿನ ಮಕ್ಕಳನ್ನೂ ಮಾತಾಡಿಸಿದ್ದರು. ನಗರದ ಚಿಕ್ಕ ಮಕ್ಕಳು ಪ್ರಾಣಿಗಳನ್ನು ಮನುಷ್ಯನ ಪಕ್ಕ ಇಟ್ಟು ಅಳೆದರು. ಮೆನಾಮಿನಿ ಮಕ್ಕಳು ಯಾವುದು ಯಾವುದನ್ನು ತಿನ್ನುತ್ತದೆ, ಯಾವುದಕ್ಕೆ ಕಚ್ಚುತ್ತದೆ ಅಂತ ನೋಡಿದರು. ಜೇನುಹುಳದ ಒಳಗಿರುವುದು ಕರಡಿಯ ಒಳಗೂ ಇರಬಹುದು, ಕರಡಿ ಜೇನು ತಿನ್ನುತ್ತದಲ್ಲ! ನಿಮ್ಮ ಲದ್ದಿ ಹುಡುಗ ಕೂರಬೇಕಾದ್ದು ಈ ಮಕ್ಕಳ ಪಕ್ಕ.

‘ಹಾಸನ ಜಿಲ್ಲೆಯ ಮಕ್ಕಳು’ ಅನ್ನುವ ಮಾತನ್ನೂ ತೆಗೆಯಿರಿ. ಅರಸೀಕೆರೆ ಮಗುವಿಗೆ ಕೆರೆಯ ತಳ ಬಿರಿಯುವುದು ಗೊತ್ತು, ನಿಮ್ಮ ಮಕ್ಕಳಿಗೆ ಜೀರುಂಡೆ ಕೂಗುವುದು ಗೊತ್ತು. ನಡುವೆ ನೂರು ಕಿಲೋಮೀಟರೂ ಇಲ್ಲ.

ಮತ್ತೆ, ಭಯ ಎಲ್ಲಿ ಹೋಯಿತು? ಆನೆ ಬಂದ ದಿನ ಅರ್ಧ ಕ್ಲಾಸು ಖಾಲಿ ಅಂತ ಫೋನಿನಲ್ಲಿ ನೀವೇ ಹೇಳಿದಿರಿ. ಲೇಖನದಲ್ಲಿ ಅದಿಲ್ಲ. ಆನೆ ಕಂಡು ಚಪ್ಪಾಳೆ ತಟ್ಟುವುದು ರೆಸಾರ್ಟಿಗೆ ಬಂದ ಮಗು, ನಿಮ್ಮ ಶಾಲೆಯದಲ್ಲ.

ಎರಡೋ ಮೂರೋ ದೇಶ ಇಟ್ಟುಕೊಳ್ಳಿ, ಜಾಸ್ತಿ ಬೇಡ. ಆ ಹುಡುಗನನ್ನು ಇನ್ನೊಮ್ಮೆ ಕೂರಿಸಿಕೊಂಡು ಮಾತಾಡಿಸಿ. ಬಿಸಿ ಅಂತ ಹೇಗೆ ಗೊತ್ತಾಯಿತು, ಮುಟ್ಟಿ ನೋಡಿದನಾ, ಹಬೆ ಕಂಡನಾ? ಯಾರು ಹೇಳಿಕೊಟ್ಟಿದ್ದು? ಸುತ್ತುದಾರಿ ಎಷ್ಟು ದೂರ? ತಡವಾಗಿದ್ದಕ್ಕೆ ನೀವು ಬೈದಿರಾ? ಬೈದಿದ್ದರೆ ಅದನ್ನೂ ಬರೆಯಿರಿ.

ಐದು ಪುಟ ದಾಟದಿರಲಿ. ಕಾಫಿ ಅರಳಿಸುವ ಹೂಮಳೆ ಬೀಳುವಷ್ಟರಲ್ಲಿ ಕಳಿಸಿ.