ಬೆಳಗಿನ ಸೀನು: ಮೊದಲು ಪಕ್ಕದ ಸೈಟು ನೋಡಿ

ಮಳೆ ನಿಂತ ಮೇಲೆ ಸೀನು, ಕಣ್ಣು ತುರಿಕೆ, ಅದೂ ಬೆಳಿಗ್ಗೆ ಜಾಸ್ತಿ ಅಂದಿದ್ದೀರಿ. ಪಕ್ಕದ ಖಾಲಿ ಸೈಟಿನಲ್ಲಿ ಬಿಳಿ ಹೂ ಬಿಟ್ಟಿರುವುದು ಕಾಂಗ್ರೆಸ್ ಗಿಡವೇ ಆದರೆ ಅದರ ಪರಾಗವೇ ಕಾರಣ ಇರಬಹುದು. ಮನೆಯ ದೂಳೂ ಹೀಗೇ ಕಾಡುತ್ತದೆ. ಖಚಿತವಾಗಲು ಅಲರ್ಜಿ ಟೆಸ್ಟೇ ಆಗಬೇಕು.

ಮೊದಲು ಜಲನೇತಿ, ಅಂದರೆ ಉಪ್ಪು ನೀರಿನಿಂದ ಮೂಗು ತೊಳೆಯುವುದು, ಮಾಡಿ. ಕುದಿಸಿ ಉಗುರುಬೆಚ್ಚಗಾದ 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು. ಸಿಂಕಿನ ಮೇಲೆ ಬಗ್ಗಿ, ತಲೆ ಒಂದು ಕಡೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ಬಿಡಿ. ಇನ್ನೊಂದರಿಂದ ಇಳಿಯುತ್ತದೆ. ಉರಿದರೆ ಉಪ್ಪು ಹೆಚ್ಚುಕಮ್ಮಿ ಆಗಿರಬಹುದು. ಕುದಿಸದ ನಲ್ಲಿ ನೀರು ಮಾತ್ರ ಬೇಡವೇ ಬೇಡ.

ಆಮೇಲೆ, ಬೆಳಿಗ್ಗೆ ಕಿಟಕಿ ಮುಚ್ಚಿಡಿ. ಹೊರಗಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಆ ಗಿಡ ಕೀಳಲು ನೀವೇ ಹೋಗಬೇಡಿ.

ತುಳಸಿ-ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ಅದರಿಂದ ಅಲರ್ಜಿ ನಿಲ್ಲುತ್ತದೆ ಅಂತ ಸುಮ್ನೆ ಕಾಯಬೇಡಿ. ನೀವು ಕೇಳಿದ ಕ್ಯಾಮೊಮೈಲ್ ಹೂವಿನ ಟೀ ಬಿಡಿ, ಅದು ಕಾಂಗ್ರೆಸ್ ಗಿಡದ ಕುಟುಂಬದ್ದೇ! ದೇವರ ಮನೆಯ ಸೇವಂತಿಗೆಯೂ ಅದೇ ಕುಟುಂಬ. ಒಂದು ವಾರ ಮಲ್ಲಿಗೆ ಇಟ್ಟು ನೋಡಿ.

ಎದೆಯಲ್ಲಿ ಸುಯ್ಯೆನ್ನುವ ಸದ್ದು, ಉಸಿರು ಕಟ್ಟುವುದು ಇದ್ದರೆ ಇದೆಲ್ಲ ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ.