ಸ್ಪ್ಯಾನಿಷ್‌ನ ವರ್ತಮಾನ ಸಬ್‌ಜಂಕ್ಟಿವ್‌ನಲ್ಲಿ (ಆಸೆ, ಅನುಮಾನ ಹೇಳುವ ಕ್ರಿಯಾರೂಪ) ಅನಿಯಮಿತ ಕ್ರಿಯಾಪದಗಳನ್ನು ಬಳಸುವುದು ಹೇಗೆ?

ವರ್ತಮಾನದ ‘ನಾನು’ ರೂಪ ಬಾಯಿಗೆ ಬಂದರೆ ಮುಕ್ಕಾಲು ಕೆಲಸ ಮುಗಿಯಿತು. ಅದರ ಕೊನೆಯ ‘ಒ’ ತೆಗೆದು, ಮೂಲರೂಪ -ಆರ್‌ನಲ್ಲಿ ಮುಗಿಯುವ ಕ್ರಿಯಾಪದಗಳಿಗೆ ‘ಎ’, -ಎರ್ ಮತ್ತು -ಇರ್‌ನಲ್ಲಿ ಮುಗಿಯುವವಕ್ಕೆ ‘ಆ’ ಸೇರಿಸಿ. ತೆಂಗೊ ಇದ್ದದ್ದು ತೆಂಗಾ, ದಿಗೊ ದಿಗಾ, ಕೊನೊಸ್ಕೊ ಕೊನೊಸ್ಕಾ. ಇವೆಲ್ಲ ಹೆಸರಿಗಷ್ಟೇ ಅನಿಯಮಿತ!

ಕಂಠಪಾಠ ಮಾಡಬೇಕಾದವು 6 ಮಾತ್ರ: ಸೆರ್–ಸೆಯಾ, ಎಸ್ತಾರ್–ಎಸ್ತೆ, ಇರ್–ವಾಯಾ, ದಾರ್–ದೆ, ಸಬೆರ್–ಸೆಪಾ, ಅಬೆರ್–ಆಯಾ. ಇವುಗಳ ‘ನಾನು’ ರೂಪ (ಸೊಯ್, ವೊಯ್, ಸೆ ಇತ್ಯಾದಿ) ‘ಒ’ದಲ್ಲಿ ಮುಗಿಯುವುದೇ ಇಲ್ಲ, ಸೂತ್ರ ಕೈಕೊಡುವುದು ಅದಕ್ಕೇ.

ಆಸೆ, ಅನುಮಾನ ಹೇಳುವಾಗ ‘ಕೆ’ (ಎಂದು) ನಂತರ ಕರ್ತೃ ಬದಲಾದರೆ ಈ ರೂಪ ಬೇಕು: ‘ಕಿಯೆರೊ ಕೆ ವೆಂಗಾಸ್’, ನೀನು ಬರಬೇಕೆಂದು ನನ್ನಾಸೆ. ನಾನೇ ಬರುವುದಾದರೆ ‘ಕಿಯೆರೊ ವೆನಿರ್’ ಸಾಕು.

ದೊರ್ಮಿರ್ (ಮಲಗು) ಥರದವು ಸ್ವಲ್ಪ ಕಿರಿಕಿರಿ: ದುಯೆರ್ಮಾ ಸರಿ, ಆದರೆ ‘ನಾವು’ ಬಂದರೆ ದುರ್ಮಾಮೊಸ್.