ಒಂದೇ ಹಳಿ, ಎರಡು ಯಂತ್ರ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

‘ಒಂದೇ ಹಳಿಯ ಮೇಲೆ ಎರಡು ರೈಲು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕೋಶ ವಿಭಜನೆಗೆ ಮುನ್ನ ಡಿಎನ್‌ಎಯ ಪ್ರತಿ ತೆಗೆಯುವ ಯಂತ್ರವೂ, ಅದೇ ಡಿಎನ್‌ಎಯ ಜೀನ್‌ಗಳನ್ನು ಓದಿ ಆರ್‌ಎನ್‌ಎ ಬರೆಯುವ ಯಂತ್ರವೂ ಡಿಕ್ಕಿ ಹೊಡೆದಾಗ ಕ್ಯಾನ್ಸರ್ ಹುಟ್ಟುತ್ತದೆ ಎಂಬುದು ನಿಮ್ಮ ವಾದ. ವಿಷಯ ಒಳ್ಳೆಯದು, ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು.

ಮೊದಲು ಪದಗಳ ವಿಚಾರ. ಎರಡೂ ಕ್ರಿಯೆಗಳಿಗೆ ನೀವು ‘ನಕಲು’ ಎಂಬ ಒಂದೇ ಪದವನ್ನು ಬಳಸಿರುವುದರಿಂದ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಯಾವುದು ಯಾವುದಕ್ಕೆ ಅಡ್ಡ ಬಂತೆಂಬುದೇ ತಿಳಿಯುವುದಿಲ್ಲ. ಡಿಎನ್‌ಎಯಿಂದ ಡಿಎನ್‌ಎ ಆಗುವುದಕ್ಕೆ ನಕಲು, ಆರ್‌ಎನ್‌ಎ ಆಗುವುದಕ್ಕೆ ಪ್ರತಿಲೇಖನ ಎಂದು ಆರಂಭದಲ್ಲೇ ಹೇಳಿಬಿಡಿ.

ರೈಲಿನ ಹೋಲಿಕೆಯ ಬಗ್ಗೆ ನನ್ನ ಆಕ್ಷೇಪ ಇದಕ್ಕಿಂತ ದೊಡ್ಡದು. ಅದು ನಿಮಗೆ ಎದುರುಬದುರಿನ ಡಿಕ್ಕಿಯೊಂದನ್ನೇ ತೋರಿಸಿದೆ. ಎರಡೂ ಯಂತ್ರಗಳು ಒಂದೇ ದಿಕ್ಕಿನಲ್ಲಿ ಸಾಗುವಾಗಲೂ ಒಂದು ಇನ್ನೊಂದರ ಬೆನ್ನಿಗೆ ಬಂದು ತಾಗಬಹುದು. ಬ್ಯಾಕ್ಟೀರಿಯಾಗಳಲ್ಲಿ ನಕಲಿನ ವೇಗ ಪ್ರತಿಲೇಖನದ ಹತ್ತು ಪಟ್ಟಿಗೂ ಹೆಚ್ಚಾದ್ದರಿಂದ ಇದು ತಪ್ಪಿದ್ದಲ್ಲ; ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳಿಗಾಗಿ ಇರುವ ಅವುಗಳ ಅತಿ ಚಟುವಟಿಕೆಯ ಜೀನ್‌ಗಳು ನಕಲಿನ ದಿಕ್ಕಿಗೇ ಮುಖ ಮಾಡಿರುವುದು ಹಾನಿ ಕಡಿಮೆಯಿರಲೆಂದೇ ಎಂಬಂತಿದೆ. ಎದುರುಬದುರಾದಾಗ ಹಾನಿ ಹೆಚ್ಚು, ಏಕೆಂದರೆ ಎರಡು ಯಂತ್ರಗಳ ನಡುವೆ ಸಿಕ್ಕ ಡಿಎನ್‌ಎ ಬಿಗಿಯಾಗಿ ಹುರಿಗೊಳ್ಳುತ್ತದೆ, ಆಗತಾನೇ ಬರೆದ ಆರ್‌ಎನ್‌ಎ ತನ್ನ ಅಚ್ಚಿನ ಎಳೆಗೆ ಮತ್ತೆ ಅಂಟಿಕೊಳ್ಳುತ್ತದೆ, ಜೋಡಿ ತಪ್ಪಿದ ಇನ್ನೊಂದು ಎಳೆ ಬರಿದಾಗಿ ಉಳಿಯುತ್ತದೆ. ಆರ್-ಲೂಪ್ ಎಂದರೆ ಇದೇ. ನಿಮ್ಮ ಲೇಖನದಲ್ಲಿ ಈ ಹೆಸರು ಒಮ್ಮೆ ಮಾತ್ರ, ಅದೂ ಖಳನಾಯಕನಂತೆ ಬಂದುಹೋಗುತ್ತದೆ. ಆದರೆ ಪ್ರತಿಕಾಯಗಳ ವರ್ಗ ಬದಲಾಗುವಾಗ ರೋಗನಿರೋಧಕ ಕೋಶಗಳು ಇದೇ ರಚನೆಯನ್ನು ಬಳಸಿಕೊಳ್ಳುತ್ತವೆ. ಕೆಟ್ಟದ್ದು ಲೂಪ್ ಅಲ್ಲ, ಬಿಡಿಸುವವರಿಲ್ಲದೆ ಅದು ಉಳಿದುಬಿಡುವುದು.

ಈ ಘರ್ಷಣೆಯನ್ನು ನೀವು ‘ಅಪರೂಪದ ಅವಘಡ’ ಎಂದಿದ್ದೀರಿ, ಆದರೆ ಅದು ಅಪರೂಪವಲ್ಲ. ಮನುಷ್ಯನ ಕೋಶವೊಂದು ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಲು ತೆಗೆದುಕೊಳ್ಳುವುದು ಸುಮಾರು 8 ಗಂಟೆ. ಸುಮಾರು 22 ಲಕ್ಷ ಅಕ್ಷರಗಳಷ್ಟು ಉದ್ದದ, ಸ್ನಾಯುವಿನ ಪ್ರೋಟೀನೊಂದರ ಡಿಸ್ಟ್ರೋಫಿನ್ ಜೀನನ್ನು ಒಮ್ಮೆ ಪೂರ್ತಿಯಾಗಿ ಓದಲು ಬೇಕಾಗುವುದು ಸುಮಾರು 16 ಗಂಟೆ. ವಿಭಜನೆಯಾಗುತ್ತಿರುವ ಕೋಶವು ಇಂಥ ಉದ್ದದ ಜೀನನ್ನು ಓದುತ್ತಿದ್ದರೆ ಮುಖಾಮುಖಿ ಆಗಲೇಬೇಕು. ಮೂರನೆಯ ವರ್ಣತಂತುವಿನ ಎಫ್‌ಎಚ್‌ಐಟಿ ಜೀನ್ ಸುಮಾರು 15 ಲಕ್ಷ ಅಕ್ಷರಗಳಷ್ಟು ಉದ್ದವಾಗಿದ್ದು, ನಕಲಿಗೆ ಅಡ್ಡಿಯಾದಾಗ ಸುಲಭವಾಗಿ ಮುರಿಯುವ ತಾಣದಲ್ಲಿದೆ. ಶ್ವಾಸಕೋಶದ್ದೂ ಸೇರಿ ಹಲವು ಕ್ಯಾನ್ಸರ್‌ಗಳಲ್ಲಿ ಅದರ ತುಣುಕುಗಳು ಕಾಣೆಯಾಗಿರುತ್ತವೆ. ಲೇಖನವನ್ನು ಈ ಉದಾಹರಣೆಯಿಂದಲೇ ಆರಂಭಿಸಬಹುದಿತ್ತು.

ಅಷ್ಟು ಸಾಮಾನ್ಯವಾದ ಘರ್ಷಣೆ ಕ್ಯಾನ್ಸರ್‌ಗೆ ನೇರ ಕಾರಣವಾಗಿದ್ದರೆ ನಾವ್ಯಾರೂ ಆರೋಗ್ಯವಾಗಿ ಇರುತ್ತಿರಲಿಲ್ಲ. ನಿಮ್ಮ ವಾದ ಕುಸಿಯುವುದು ಇಲ್ಲಿಯೇ. ಅಂಟಿದ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಎಚ್ ಕಿಣ್ವಗಳು, ಅದನ್ನು ಬಿಡಿಸುವ ಸೆನಟಾಕ್ಸಿನ್, ಹುರಿಯನ್ನು ಸಡಿಲಿಸುವ ಟೋಪೋಐಸೋಮರೇಸ್, ಸ್ತನ ಕ್ಯಾನ್ಸರ್‌ನ ಸಂದರ್ಭದಲ್ಲಿ ಓದುಗರು ಹೆಸರು ಕೇಳಿರುವ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2, ಇವೆಲ್ಲ ಸೇರಿ ಹೆಚ್ಚಿನ ಘರ್ಷಣೆಗಳನ್ನು ಸದ್ದಿಲ್ಲದೆ ಪರಿಹರಿಸುತ್ತವೆ. ಈ ಕಾವಲು ತಪ್ಪಿದಾಗ ಅಥವಾ ಕೆಲಸದ ಹೊರೆ ಮಿತಿಮೀರಿದಾಗ ಎಳೆಗಳು ಮುರಿಯುತ್ತವೆ. ಹೊರೆಯನ್ನು ಹೆಚ್ಚಿಸುವುದು ಹಲವು ಬಾರಿ ಕ್ಯಾನ್ಸರ್‌ಕಾರಕ ಜೀನ್‌ಗಳೇ: ಕೋಶಕ್ಕೆ ಬೆಳೆಯಲು ಸೂಚಿಸುವ ರಾಸ್ ಕೆರಳಿದಾಗ ಪ್ರತಿಲೇಖನ ಏರುತ್ತದೆ, ಕೋಶವನ್ನು ನಕಲಿನ ಹಂತಕ್ಕೆ ತಳ್ಳುವ ಸೈಕ್ಲಿನ್ ಇ ಹೆಚ್ಚಾದಾಗ ಸಾಮಾನ್ಯವಾಗಿ ಸುಮ್ಮನಿರಬೇಕಾದ, ಜೀನ್‌ಗಳ ಒಳಗೇ ಇರುವ ತಾಣಗಳಿಂದಲೂ ನಕಲು ಆರಂಭವಾಗುತ್ತದೆ. ಹೀಗೆ ಘರ್ಷಣೆಯು ಕ್ಯಾನ್ಸರ್‌ನ ಕಾರಣವೂ ಹೌದು, ಪರಿಣಾಮವೂ ಹೌದು. ಈ ಸುತ್ತನ್ನು ನೀವು ಬಾಣದಂತೆ ನೇರಗೊಳಿಸಿದ್ದೀರಿ.

ಕೊನೆಯ ಪುಟದ ‘ಔಷಧ ಕೈಗೆಟುಕಿದೆ’ ಎಂಬ ಸಾಲನ್ನು ತೆಗೆಯಿರಿ. ಕಾಯಿಲೆಯವರ ಮನೆಯಲ್ಲೂ ಇದನ್ನು ಓದುವವರಿರುತ್ತಾರೆ. ಬರಿದಾದ ಎಳೆಯನ್ನು ಗುರುತಿಸಿ ವಿಭಜನೆಯನ್ನು ತಡೆಹಿಡಿಯುವ ಎಟಿಆರ್ ಎಂಬ ಪ್ರೋಟೀನಿನ ಮೇಲೆ ಘರ್ಷಣೆ ಹೆಚ್ಚಿರುವ ಗಡ್ಡೆಯ ಕೋಶಗಳು ವಿಪರೀತ ಅವಲಂಬಿಸಿರುತ್ತವೆ, ಅದನ್ನು ತಡೆಯುವ ರಾಸಾಯನಿಕಗಳನ್ನು ರೋಗಿಗಳಲ್ಲಿ ಪರೀಕ್ಷಿಸಲಾಗುತ್ತಿದೆ ಎಂದಷ್ಟೇ ಬರೆದರೆ ಸಾಕು.

ರೈಲನ್ನು ಶೀರ್ಷಿಕೆಯಲ್ಲಿ ಬೇಕಾದರೆ ಉಳಿಸಿಕೊಂಡು, ಕಾವಲಿನ ಭಾಗವನ್ನು ವಿಸ್ತರಿಸಿ ಮತ್ತೆ ಕಳುಹಿಸಿ. ಮೊದಲ ಪುಟದ ಇತಿಹಾಸವನ್ನು ಅರ್ಧಕ್ಕೆ ಇಳಿಸಿದರೆ ಅದಕ್ಕೆ ಜಾಗ ಸಿಗುತ್ತದೆ.

ಇತಿ,
ಸಂಪಾದಕ